ಒಂದು ವೆಬ್‌ಸೈಟಿನಲ್ಲಿ ಕೊಂಡು ಇನ್ನೊಂದರಲ್ಲಿ ಮಾರುವುದು ಹೇಗೆ?

ಒಂದೇ ವಸ್ತು ಒಂದು ಸೈಟಿನಲ್ಲಿ 100ಕ್ಕೆ ಸಿಗುತ್ತದೆ, ಇನ್ನೊಂದರಲ್ಲಿ 180ಕ್ಕೆ ಹೋಗುತ್ತಿದೆ. ಇಲ್ಲಿ ಕೊಂಡು ಅಲ್ಲಿ ಮಾರಿದರೆ 80 ಲಾಭ ಅಲ್ವಾ? ಅಲ್ಲ. ಅದರಲ್ಲಿ ಕೈಗೆ ಎಷ್ಟು ಉಳಿಯುತ್ತದೆ ಎಂದು ಕೊಳ್ಳುವ ಮೊದಲೇ ಲೆಕ್ಕ ಹಾಕಿದವರಿಗೆ ಮಾತ್ರ ಈ ವ್ಯಾಪಾರ ಗಿಟ್ಟುತ್ತದೆ.

ಅಗ್ಗ ಯಾಕೆ? ಕಾರಣ ಹುಡುಕಿ

ಸ್ಟಾಕ್ ಖಾಲಿ ಮಾಡುತ್ತಿರಬಹುದು, ಸೀಸನ್ ಮುಗಿದಿರಬಹುದು. ಕಂಪನಿ ಆ ಮಾಡೆಲ್ ನಿಲ್ಲಿಸಿದ್ದರೆ ಒಂದು ಕಡೆ ಅಗ್ಗ, ಇನ್ನೊಂದು ಕಡೆ ದುಬಾರಿ ಆಗುವುದುಂಟು. ಇವೆಲ್ಲಕ್ಕಿಂತ ಒಳ್ಳೆಯ ಕಾರಣ ಇನ್ನೊಂದಿದೆ: ಮಾರುವವರಿಗೆ ತಮ್ಮ ಕೈಯಲ್ಲಿರುವುದು ಏನೆಂದೇ ಗೊತ್ತಿಲ್ಲದಿರುವುದು.

ಹಳೆಯ ಕ್ಯಾಮೆರಾ ಲೆನ್ಸ್ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆ್ಯಪಿನಲ್ಲಿ ಯಾರೋ ಬರೀ 'ಹಳೆ ಕ್ಯಾಮೆರಾ ಸಾಮಾನು' ಎಂದು ಬರೆದಿರುತ್ತಾರೆ. ಮಾಡೆಲ್ ಹೆಸರು ಹಾಕಿ ಹುಡುಕುವ ಗಿರಾಕಿಗೆ ಅದು ಕಾಣುವುದೇ ಇಲ್ಲ. ಫೋಟೋ ದೊಡ್ಡದು ಮಾಡಿ ನೋಡಿ. ಗಾಜಿನ ಸುತ್ತಲಿನ ರಿಂಗಿನ ಮೇಲೆ ಕಂಪನಿ ಹೆಸರು, ಆಮೇಲೆ 50ಎಂಎಂ, 1:1.8 ಅನ್ನುವಂಥ ಅಂಕಿಗಳು ಇರುತ್ತವೆ. ಅಷ್ಟು ಸಿಕ್ಕರೆ ಬೇರೆ ಕಡೆ ಅದರ ಬೆಲೆ ಎಷ್ಟು ಎಂದು ನೋಡಬಹುದು. ಕೊಳ್ಳುವ ಮೊದಲು ಒಂದು ಫೋಟೋ ಜಾಸ್ತಿ ಕೇಳಿ: ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ತೆಗೆದದ್ದು. ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಬಿಟ್ಟುಬಿಡಿ.

ಹೇಳುವ ಬೆಲೆ ಬೇರೆ, ಹೋಗುವ ಬೆಲೆ ಬೇರೆ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. 180 ಎಂದು ಬೋರ್ಡ್ ಹಾಕಿದ ಮಾತ್ರಕ್ಕೆ ಅದು 180ಕ್ಕೆ ಹೋಗುವುದಿಲ್ಲ. ಈಬೇಯಲ್ಲಿ 'ಸೋಲ್ಡ್ ಐಟಮ್ಸ್' ಫಿಲ್ಟರ್ ಒತ್ತಿದರೆ ಇತ್ತೀಚೆಗೆ ನಿಜಕ್ಕೂ ಮಾರಾಟವಾದವು ಮಾತ್ರ ಕಾಣುತ್ತವೆ. ಬೆಲೆಯ ಮೇಲೆ ಗೆರೆ ಎಳೆದಿದ್ದರೆ, ಚೌಕಾಸಿಯಲ್ಲಿ ಅದಕ್ಕಿಂತ ಕಡಿಮೆಗೆ ಹೋಗಿದೆ ಎಂದು ತಿಳಿಯಿರಿ.

ಅಮೆಜಾನ್‌ನಲ್ಲಿ ಮಾರುವುದಾದರೆ ಕೀಪಾದಂಥ ಟೂಲ್‌ನಲ್ಲಿ ಬೆಲೆಯ ಗ್ರಾಫ್ ನೋಡಿ. ಇವತ್ತಿನ ಬೆಲೆ ಸುಮ್ನೆ ಒಂದು ವಾರದ ಏರಿಕೆಯೋ, ವರ್ಷವಿಡೀ ಹಾಗೇ ಇದೆಯೋ ಗೊತ್ತಾಗುತ್ತದೆ. ಅಮೆಜಾನ್ ತಾನೇ ಮಾರುವ ವಸ್ತು ಸ್ವಲ್ಪ ದಿನ ಸ್ಟಾಕ್ ಇಲ್ಲದಾಗ ಉಳಿದವರ ಬೆಲೆ ಏರುವುದುಂಟು. ಸ್ಟಾಕ್ ವಾಪಸ್ ಬಂದ ದಿನ ನಿಮ್ಮ ಲೆಕ್ಕವೆಲ್ಲ ತಲೆಕೆಳಗು.

ಈಗ ಕಳೆಯುತ್ತಾ ಬನ್ನಿ

ಮಾರಿದ್ದು 180. ಸೈಟಿನ ಕಮಿಷನ್ 15 ಪರ್ಸೆಂಟ್ ಎಂದುಕೊಂಡರೆ 27 ಹೋಯಿತು. ನಿಮ್ಮ ಮನೆಗೆ ತರಿಸಿದ ಖರ್ಚು 10, ಗಿರಾಕಿಗೆ ಕಳಿಸಿದ್ದು 22, ಡಬ್ಬ, ಟೇಪು, ಬಬಲ್ ಶೀಟಿಗೆ 6. ಅಸಲು 100. ಉಳಿದದ್ದು 15. ಇನ್ನೂ ತೆರಿಗೆ ಕಳೆದಿಲ್ಲ. ಒಂದು ವಸ್ತು ರಿಟರ್ನ್ ಬಂದು ಹೋಗಿ ಬರುವ ಖರ್ಚು ಎರಡೂ ನಿಮ್ಮ ಮೇಲೆ ಬಿದ್ದರೆ 44. ಹೆಚ್ಚುಕಡಿಮೆ ಮೂರು ಮಾರಾಟದ ಲಾಭ ಅಲ್ಲಿಗೇ ಖರ್ಚು. ಅದಕ್ಕೇ ಇಷ್ಟು ಸಣ್ಣ ಅಂತರದ ಮಾಲನ್ನು ನಾನಾದರೆ ಮುಟ್ಟುವುದಿಲ್ಲ.

ಕೊರಿಯರ್ ಲೆಕ್ಕದಲ್ಲಿ ಇನ್ನೊಂದು ಗುಟ್ಟಿದೆ. ಅನೇಕ ಕಂಪನಿಗಳು ತೂಕದ ಜೊತೆ ಡಬ್ಬದ ಗಾತ್ರವನ್ನೂ ನೋಡುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಒಂದು ರೂಢಿ. 40, 30, 30ರ ಡಬ್ಬಕ್ಕೆ 7.2 ಕಿಲೋ ಬರುತ್ತದೆ. ಒಳಗಿರುವ ಲ್ಯಾಂಪ್‌ಶೇಡ್ ಒಂದೇ ಕಿಲೋ ತೂಗಿದರೂ ನೀವು ಕೊಡುವುದು 7.2 ಕಿಲೋಗೆ. ಲೆನ್ಸು, ಬಿಡಿಭಾಗ, ಪುಸ್ತಕದಂಥ ಪುಟ್ಟ ಸಾಮಾನಿನಿಂದ ಶುರು ಮಾಡಿ.

ನಿಯಮ ಓದಿಕೊಳ್ಳಿ

'ಕೈಯಲ್ಲಿ ಮಾಲೇ ಬೇಡ, ಆರ್ಡರ್ ಬಂದಮೇಲೆ ಇನ್ನೊಂದು ಸೈಟಿನಿಂದ ನೇರವಾಗಿ ಗಿರಾಕಿಗೆ ಕಳಿಸಿ' ಎಂದು ಹೇಳಿಕೊಡುವ ವೀಡಿಯೊಗಳು ಬೇಕಾದಷ್ಟಿವೆ. ಈಬೇ, ಅಮೆಜಾನ್ ಎರಡರ ನಿಯಮದಲ್ಲೂ ಇದಕ್ಕೆ ಅವಕಾಶವಿಲ್ಲ. ಸಿಕ್ಕಿಬಿದ್ದರೆ ಅಕೌಂಟ್ ಹೋಗಬಹುದು. ಮಾಲು ಮೊದಲು ನಿಮ್ಮ ಕೈಗೆ ಬರಲಿ, ನೋಡಿ, ಪರೀಕ್ಷಿಸಿ, ಆಮೇಲೆ ಲಿಸ್ಟ್ ಮಾಡಿ.

ಕೆಲವು ಬ್ರ್ಯಾಂಡ್‌ಗಳನ್ನು ಮಾರಲು ಮುಂಚೆಯೇ ಅನುಮತಿ ಬೇಕು. ಕೊಳ್ಳುವುದಕ್ಕೆ ಮೊದಲೇ ಇದನ್ನು ನೋಡಿಕೊಳ್ಳಿ. ಮಾಲು ಅಸಲಿಯೇ ಎಂದು ಸೈಟಿನವರು ದಾಖಲೆ ಕೇಳಿದರೆ ಅಂಗಡಿಯ ಸಾದಾ ರಸೀದಿ ಸಾಲದೆಯೂ ಹೋಗಬಹುದು. ಆದರೂ ಪ್ರತಿ ಬಿಲ್ಲನ್ನೂ ಎತ್ತಿಡಿ. ತೆರಿಗೆ ಲೆಕ್ಕಕ್ಕಂತೂ ಬೇಕೇ ಬೇಕು.

ಲಿಸ್ಟಿಂಗ್

ನೀವು ಅಗ್ಗಕ್ಕೆ ಕೊಳ್ಳಲು ಕಾರಣವಾದ ತಪ್ಪನ್ನು ನೀವು ಮಾಡಬೇಡಿ. ಕಂಪನಿ, ಮಾಡೆಲ್ ನಂಬರ್, ಅಳತೆ ಎಲ್ಲವೂ ಶೀರ್ಷಿಕೆಯಲ್ಲೇ ಬರಲಿ. ಗೀರು ಇದ್ದರೆ ಅದರದ್ದೇ ಒಂದು ಫೋಟೋ ಹಾಕಿ. ಗೀರು ನೋಡಿಯೇ ಕೊಂಡವರು ಅದೇ ಕಾರಣಕ್ಕೆ ರಿಟರ್ನ್ ಮಾಡುವುದು ಕಡಿಮೆ. ಸೀರಿಯಲ್ ನಂಬರಿನ ಫೋಟೋವನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ, ಕೆಲವರು ತಮ್ಮ ಹಾಳಾದ ಸಾಮಾನನ್ನು ವಾಪಸ್ ಕಳಿಸುವುದುಂಟು.

ಮೊದಲ ಸಲ ಒಂದೇ ಒಂದು ಕೊಳ್ಳಿ. ಹತ್ತು ಕೊಂಡರೆ ಅಗ್ಗ ಎಂಬ ಆಸೆ ಬೇಡ. ಅದು ಮಾರಾಟವಾಗಿ, ರಿಟರ್ನ್ ಗಡುವು ಮುಗಿದು, ದುಡ್ಡು ಬ್ಯಾಂಕಿಗೆ ಬಂದ ಮೇಲೆ ಎರಡನೆಯದನ್ನು ಹುಡುಕಿ.