ಮುಖಪುಟದಲ್ಲಿರೋ ಇವಳು ಯಾರು?

ಲೇಖಕಿಯಿಂದ ಬಂದ ಮೇಲ್‌ನಲ್ಲಿ ಇದ್ದದ್ದು ಇಷ್ಟೇ: "ಚೆನ್ನಾಗಿದೆ. ಆದರೆ ಮುಖಪುಟದಲ್ಲಿರೋ ಇವಳು ಯಾರು?"

ಪ್ರಣಯ ಕಾದಂಬರಿಗಳಿಗೆ ಮುಖಪುಟ ಮಾಡುವ ಕೆಲಸಕ್ಕೆ ನಾನು ಇಳಿದ ಹೊಸತು ಅದು. ನಾನು ಕಳಿಸಿದ್ದ ಮುಖಪುಟದಲ್ಲಿ ಸೊಂಟದವರೆಗೆ ಕೂದಲು ಇಳಿಬಿಟ್ಟ ಹುಡುಗಿಯೊಬ್ಬಳು ಗಾಳಿಗೆ ಮುಖವೊಡ್ಡಿ ನಿಂತಿದ್ದಳು. ವಯಸ್ಸು ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ಕಾದಂಬರಿಯ ನಾಯಕಿಗೆ 41. ಕಿವಿ ಕಾಣುವಷ್ಟು ಗಿಡ್ಡ ಕೂದಲು, ಅದರಲ್ಲಿ ಅರ್ಧ ನರೆ. ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆ. ಆ ಕಲೆಯನ್ನು ನಾಯಕ ಮೊದಲ ಸಲ ಮುಟ್ಟುವ ದೃಶ್ಯಕ್ಕಾಗಿಯೇ ಇಡೀ ಕಾದಂಬರಿ ಕಾದು ಕೂತಿದೆ. ನನ್ನ ಹುಡುಗಿಯ ಎರಡೂ ಕೈಗಳು ತೊಳೆದಿಟ್ಟ ಪಿಂಗಾಣಿಯ ಹಾಗಿದ್ದವು.

ನಾನು ಕಾದಂಬರಿ ಓದಿರಲಿಲ್ಲ. ಓದಲು ಯಾರೂ ಕೊಟ್ಟಿರಲೂ ಇಲ್ಲ. ಪ್ರಕಾಶಕರಿಂದ ಬಂದದ್ದು ಒಂದು ಪುಟದ ಫಾರಂ. ನಾಯಕಿ: ಕಪ್ಪು ಕೂದಲು, ಸಪೂರ. ನಾಯಕ: ಎತ್ತರ, ಕುರುಚಲು ಗಡ್ಡ. ಹಿನ್ನೆಲೆ: ಕಡಲ ತೀರ. ಫಾರಂ ತುಂಬಿದವರೂ ಪೂರ್ತಿ ಓದಿರಲಿಲ್ಲ, ಯಾಕೆಂದರೆ ಪೂರ್ತಿ ಕಾದಂಬರಿ ಅನ್ನುವುದು ಆಗಿನ್ನೂ ಇರಲೇ ಇಲ್ಲ. ಮಾರಾಟದವರಿಗೆ ಕ್ಯಾಟಲಾಗ್ ತಿಂಗಳುಗಟ್ಟಲೆ ಮೊದಲೇ ಬೇಕು, ಕ್ಯಾಟಲಾಗಿಗೆ ಮುಖಪುಟ ಬೇಕು. ಹೀಗಾಗಿ ಲೇಖಕಿ ಬರೆಯುತ್ತಿರುವಾಗಲೇ ಮುಖಪುಟ ಸಿದ್ಧವಾಗಿಬಿಡುವುದು ಈ ಕಸುಬಿನಲ್ಲಿ ಮಾಮೂಲು. ಫಾರಂ ಬರೆದಾಗ ನಾಯಕಿಯ ಕೂದಲು ಕಪ್ಪೇ ಇತ್ತಂತೆ. ಆಮೇಲೆ ನಾಲ್ಕನೇ ಅಧ್ಯಾಯದಲ್ಲಿ ಆಕೆ ಬಣ್ಣ ಹಚ್ಚುವುದನ್ನು ಬಿಟ್ಟು ಕೂದಲು ಕತ್ತರಿಸಿಕೊಂಡಳು. ಅದನ್ನು ನನಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಈ ಗೋಳು ಫೋಟೊಶಾಪ್ ಹುಟ್ಟಿಸಿದ್ದಲ್ಲ. 1970, 80ರ ದಶಕಗಳ ಅಮೆರಿಕದ ಪೇಪರ್‌ಬ್ಯಾಕ್ ಪ್ರಣಯ ಕಾದಂಬರಿಗಳ ಮುಖಪುಟಗಳನ್ನು ಚಿತ್ರಕಾರರು ಕೈಯಲ್ಲೇ ಬಿಡಿಸುತ್ತಿದ್ದರು. ಮಾಡೆಲ್‌ಗಳನ್ನು ನಿಲ್ಲಿಸಿ ಫೋಟೊ ತೆಗೆಸಿ, ಅದನ್ನು ಮುಂದಿಟ್ಟುಕೊಂಡು ಚಿತ್ರ ಬರೆಯುವುದು ರೂಢಿ. ರಾಬರ್ಟ್ ಮೆಕ್‌ಗಿನಿಸ್, ಎಲೇನ್ ಡುಯಿಲೊ, ಪಿನೊ ಇವರೆಲ್ಲ ಆ ಕಾಲದ ದೊಡ್ಡ ಹೆಸರುಗಳು. ಕುಂಚ ಹಿಡಿದವರಿಗೆ ಯಾವ ಕೂದಲೂ ಕಷ್ಟವಲ್ಲ, ಯಾವ ವಯಸ್ಸೂ ಕಷ್ಟವಲ್ಲ. ಆದರೂ ಕಥೆಯ ನಾಯಕ ಯಾರೇ ಆಗಿರಲಿ, ಮುಖಪುಟದಲ್ಲಿ ಉದ್ದ ಕೂದಲಿನ ಮಾಡೆಲ್ ಫೇಬಿಯೊ ಬಂದು ನಿಲ್ಲುತ್ತಿದ್ದ, ಅದೂ ಒಂದೆರಡಲ್ಲ, ನೂರಾರು ಪುಸ್ತಕಗಳ ಮೇಲೆ. 1993ರಲ್ಲಿ ಬಂದ ಕ್ರಿಸ್ಟಿನಾ ಡಾಡ್ ಅವರ 'ಕ್ಯಾಸಲ್ಸ್ ಇನ್ ದಿ ಏರ್' ಮುಖಪುಟದ ನಾಯಕಿಗಂತೂ ಮೂರು ಕೈ. ಲೇಖಕಿಯೇ ಆಮೇಲೆ ಅದನ್ನು ನಗುತ್ತ ಹೇಳಿಕೊಂಡಿದ್ದಾರೆ. ಬಿಡಿಸಬಲ್ಲವರು ಇದ್ದ ಕಾಲದಲ್ಲೂ ಹೊಂದಿಕೆ ಇರಲಿಲ್ಲ ಎಂದರೆ ತಪ್ಪು ಕೈಚಳಕದ್ದಲ್ಲ. ಯಾರೂ ಕೇಳುತ್ತಿರಲಿಲ್ಲ, ಅಷ್ಟೇ.

ನಾನು ಕೇಳಲು ಶುರುಮಾಡಿದೆ. ಫಾರಂ ಸಾಕಾಗುವುದಿಲ್ಲ, ಬರೆದಷ್ಟು ಅಧ್ಯಾಯಗಳನ್ನಾದರೂ ಕಳಿಸಿ ಅಂದೆ. ಒಂದಿಬ್ಬರು ಪ್ರಕಾಶಕರು ನನ್ನನ್ನು ಕೈಬಿಟ್ಟರು, ಉಳಿದವರು ಕಳಿಸಿದರು. ಓದುವಾಗ ಹಾಳೆಯ ನಡುವೆ ಗೆರೆ ಎಳೆದುಕೊಳ್ಳುತ್ತೇನೆ. ಎಡಗಡೆ, ಮೈಬಣ್ಣ, ಕೂದಲು, ಎತ್ತರ, ಕನ್ನಡಕ, ಉಡುಪು ಎಂದು ಲೇಖಕರು ಹೇಳಿದ್ದೆಲ್ಲ, ಪುಟಸಂಖ್ಯೆಯ ಸಮೇತ. ಬಲಗಡೆಗೆ ದಾಟುವುದು ಕೆಲವೇ ಕೆಲವು. ಅದಕ್ಕೆ ಒಂದು ಪರೀಕ್ಷೆ ಇದೆ: ಈ ವಿವರವನ್ನು ಬದಲಾಯಿಸಿದರೆ ಕಥೆ ನಿಲ್ಲುತ್ತದೋ ಬೀಳುತ್ತದೋ? ಆ ಮೊದಲ ಕಾದಂಬರಿಯಲ್ಲಿ ನಾಯಕಿಯ ಕಣ್ಣು ಜೇನಿನ ಬಣ್ಣದ್ದು ಎಂದು ಹನ್ನೊಂದು ಕಡೆ ಬರುತ್ತದೆ. ಅದನ್ನು ಕಪ್ಪು ಮಾಡಿದರೆ ಕಥೆಗೆ ಏನೂ ಆಗುವುದಿಲ್ಲ. ಸುಟ್ಟ ಕಲೆಯ ಮಾತು ಬರುವುದು ಮೂರೇ ಕಡೆ, ಅದನ್ನು ತೆಗೆದರೆ ಕಾದಂಬರಿಯೇ ಇಲ್ಲ. ಎಷ್ಟು ಸಲ ಹೇಳಿದ್ದಾರೆ ಅನ್ನುವುದಕ್ಕೂ ಅದರ ತೂಕಕ್ಕೂ ಸಂಬಂಧವಿಲ್ಲ ಎಂದು ಗೊತ್ತಾಗಲು ನನಗೆ ನಾಲ್ಕೈದು ಪುಸ್ತಕ ಹಿಡಿಯಿತು.

ಎಡಗಡೆಯ ಪಟ್ಟಿಯಿಂದ ಇನ್ನೊಂದು ಉಪಕಾರವಾಯಿತು. ಲೇಖಕರೂ ಮರೆಯುತ್ತಾರೆ. ಮೂವತ್ತನೇ ಪುಟದಲ್ಲಿ ಕಂದುಗಣ್ಣಿನ ನಾಯಕ ಇನ್ನೂರು ದಾಟುವ ಹೊತ್ತಿಗೆ ಹಸಿರುಗಣ್ಣಿನವನಾಗಿರುತ್ತಾನೆ. ಇದನ್ನು ಹಿಡಿದು ಹೇಳಿದಾಗ ಕೆಲವರು ಥ್ಯಾಂಕ್ಸ್ ಹೇಳುತ್ತಾರೆ, ಕೆಲವರು ಮುಖಪುಟದವನಿಗೆ ಇದೆಲ್ಲ ಯಾಕೆ ಎಂದು ಮುಖ ಸಿಂಡರಿಸುತ್ತಾರೆ.

ಮೊದಲ ಕಾದಂಬರಿಗೆ ಮತ್ತೆ ಕೂತೆ. ಮೊದಲೇ ತೆಗೆದಿಟ್ಟ ಫೋಟೊಗಳನ್ನು ಮಾರುವ ಸ್ಟಾಕ್ ಫೋಟೊ ಸೈಟುಗಳಲ್ಲಿ ನಲವತ್ತು ದಾಟಿದ ಹೆಂಗಸನ್ನು ಹುಡುಕಿದರೆ ಸಿಗುವವರು ಲ್ಯಾಪ್‌ಟಾಪ್ ನೋಡಿ ನಗುತ್ತಿರುತ್ತಾರೆ. ಲ್ಯಾಪ್‌ಟಾಪಿನಲ್ಲಿ ಅಷ್ಟು ನಗುವಂಥದ್ದು ಏನಿರುತ್ತದೋ! ನಲವತ್ತರ ಜೋಡಿ ಎಂದು ಹುಡುಕಿದರೆ ವಿಮೆಯ ಜಾಹೀರಾತಿನಿಂದ ಎದ್ದು ಬಂದವರ ಹಾಗಿರುತ್ತಾರೆ. ದಪ್ಪಗಿರುವ ನಾಯಕಿ ಬೇಕೆಂದರೆ ಒಂದೋ ತೂಕದ ಯಂತ್ರದ ಮೇಲೆ ನಿಂತಿರುತ್ತಾಳೆ, ಇಲ್ಲವೇ ಸೊಂಟಕ್ಕೆ ಅಳತೆಯ ಟೇಪು ಸುತ್ತಿಕೊಂಡಿರುತ್ತಾಳೆ. ಆಕೆಯನ್ನು ಒಬ್ಬ ಪ್ರೀತಿಯಿಂದ ನೋಡುತ್ತಿರುವ ಫೋಟೊ ಹುಡುಕುವಷ್ಟರಲ್ಲಿ ರಾತ್ರಿ ಕಳೆಯುತ್ತದೆ. ಕ್ಯಾಮೆರಾ ಮುಂದೆ ಯಾರು ನಿಂತಿದ್ದಾರೋ ಅವರನ್ನೇ ನಾವು ಮುಖಪುಟಕ್ಕೆ ತರಬಲ್ಲೆವು, ಮತ್ತು ಪ್ರೇಮದ ಭಂಗಿಯಲ್ಲಿ ಹೆಚ್ಚಾಗಿ ನಿಂತವರು ಇಪ್ಪತ್ತೈದರ ಸಪೂರದವರು. ಕಾಡಿ ಬೇಡಿ ಸಿಕ್ಕ ಒಂದು ಚಿತ್ರವೂ ನಮ್ಮೊಬ್ಬರದೇ ಆಗಿ ಉಳಿಯುವುದಿಲ್ಲ. ದುಡ್ಡು ಕೊಟ್ಟವರೆಲ್ಲ ಅದೇ ಚಿತ್ರ ಬಳಸಬಹುದು. ನನ್ನ ನಾಯಕಿಯೊಬ್ಬಳು ಬೇರೆಯವರ ಪತ್ತೇದಾರಿ ಕಾದಂಬರಿಯಲ್ಲಿ ಹೆಣವಾಗಿ ಕಾಣಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಕಲೆಯನ್ನು ಫೋಟೊ ಮೇಲೆ ಬರೆಯೋಣ ಎಂದು ಹೊರಟೆ. ಅಲ್ಲಿ ಎರಡು ತಡೆ. ಮಾಡೆಲ್‌ಗಳನ್ನು ರೋಗಿಗಳ ಹಾಗೆ, ಊನ ಇದ್ದವರ ಹಾಗೆ ತೋರಿಸುವುದಕ್ಕೆ ಕೆಲವು ಫೋಟೊ ಏಜೆನ್ಸಿಗಳ ಲೈಸೆನ್ಸ್‌ನಲ್ಲಿ ಕಟ್ಟುನಿಟ್ಟಿನ ಷರತ್ತುಗಳಿರುತ್ತವೆ. ಯಾರದೋ ಕೈಮೇಲೆ ಸುಟ್ಟ ಗಾಯ ಬರೆಯುವ ಮೊದಲು ಆ ಸಣ್ಣ ಅಕ್ಷರಗಳನ್ನು ಓದಬೇಕು. ಎರಡನೆಯದು ಇನ್ನೂ ಸರಳ. ಇ-ಪುಸ್ತಕದ ಮುಖಪುಟ 2560 ಪಿಕ್ಸೆಲ್ ಎತ್ತರ, 1600 ಅಗಲ ಇರಬಹುದು, ಓದುಗರು ನೋಡುವುದು ಫೋನಿನಲ್ಲಿ ಹೆಬ್ಬೆರಳಿನ ಉಗುರಿನಷ್ಟಗಲ. ಆ ಅಳತೆಗೆ ಇಳಿಸಿದಾಗ ಮೂರು ಗಂಟೆ ಕೂತು ಬರೆದ ಕಲೆ ಕೈಗೆ ಮೆತ್ತಿದ ಕೊಳೆಯ ಹಾಗೆ ಕಂಡಿತು.

ಮತ್ತೆ ಹಸ್ತಪ್ರತಿಗೆ ಹೋದೆ. ಆಕೆ ಹೊಸಬರ ಎದುರು ಬಂದಾಗಲೆಲ್ಲ ಬಲಗೈಯಿಂದ ಎಡಗೈಯ ಅಂಗಿ ತೋಳನ್ನು ಮಣಿಕಟ್ಟಿನವರೆಗೆ ಜಗ್ಗಿಕೊಳ್ಳುತ್ತಾಳೆ. ಲೇಖಕಿ ಅದಕ್ಕೆ ಒತ್ತು ಕೊಡದೆ, ನಡೆಯುವ ದಾರಿಯಲ್ಲಿ ಹೇಳಿದ ಹಾಗೆ ಹೇಳಿಬಿಟ್ಟಿದ್ದರು. ಕಲೆ ತೋರಿಸುವುದೇ ಬೇಡ, ಮುಚ್ಚಿಕೊಳ್ಳುವ ಕೈಯನ್ನು ತೋರಿಸೋಣ ಅನ್ನಿಸಿತು. ಓದದವರಿಗೆ ಅದು ಸಂಕೋಚದ ಒಂದು ಭಂಗಿ, ಓದಿದವರಿಗೆ ಏನೆಂದು ಗೊತ್ತು.

ಅಂಗಿಯ ತೋಳು ಎಳೆದುಕೊಳ್ಳುತ್ತಿರುವ ನಡುವಯಸ್ಸಿನ ಹೆಂಗಸಿನ ಫೋಟೊ ಒಂದು ಸಿಕ್ಕಿತು. ಕೂದಲು ಭುಜದವರೆಗೆ ಇತ್ತು. ಕೂದಲು ಗಿಡ್ಡ ಮಾಡುವುದು ಉದ್ದ ಮಾಡುವುದಕ್ಕಿಂತ ಕಷ್ಟ. ಉದ್ದ ಮಾಡುವಾಗ ಇರುವುದನ್ನು ಮುಚ್ಚುತ್ತೇವೆ. ಗಿಡ್ಡ ಮಾಡಿದರೆ ಕೂದಲ ಹಿಂದೆ ಅಡಗಿದ್ದ ಕತ್ತು, ಕಿವಿ, ದವಡೆಯ ಅಂಚು ಎಲ್ಲವನ್ನೂ ಹುಟ್ಟಿಸಬೇಕು. ಕಿವಿಯನ್ನು ಇನ್ನೊಂದು ಫೋಟೊದಿಂದ ತಂದೆ. ಎರಡು ದಿನ ಅದು ಅಂಟಿಸಿದ ಕಿವಿಯಾಗಿಯೇ ಉಳಿಯಿತು. ಬಣ್ಣ ಹೊಂದಿಸಿದೆ, ಅಂಚು ಮೆದುಗೊಳಿಸಿದೆ, ಊಹೂಂ. ಮೂರನೇ ದಿನ ಕಣ್ಣನ್ನು ದೊಡ್ಡದು ಮಾಡಿ ನೋಡಿದೆ. ಪಾಪೆಯಲ್ಲಿ ಬೆಳಕಿನ ಚುಕ್ಕೆ ಮೇಲೆ ಎಡಕ್ಕಿತ್ತು. ಅಂದರೆ ಬೆಳಕು ಎಡಗಡೆಯಿಂದ. ನಾನು ತಂದಿದ್ದ ಕಿವಿಯ ನೆರಳು ಬೆಳಕು ಬಲಗಡೆಯಿಂದ ಬಂದಿದೆ ಎನ್ನುತ್ತಿತ್ತು. ಅಂದಿನಿಂದ ಎರಡು ಫೋಟೊ ಬೆಸೆಯುವಾಗ ಮೊದಲು ನೋಡುವುದು ಕಣ್ಣೊಳಗಿನ ಆ ಚುಕ್ಕೆಯನ್ನು, ಮೈಬಣ್ಣ ಆಮೇಲೆ. ನರೆ ತರಿಸುವುದು ಅಷ್ಟು ಕಷ್ಟವಲ್ಲ, ಆದರೆ ಬೂದು ಬಣ್ಣ ಸುರಿದುಬಿಟ್ಟರೆ ಟೋಪನ್ (ವಿಗ್) ಹಾಕಿದ ಹಾಗಾಗುತ್ತದೆ. ಕಿವಿಯ ಮೇಲೆ, ಹಣೆಯ ಅಂಚಿನಲ್ಲಿ, ಎಳೆ ಎಳೆಯಾಗಿ ಬಿಡಿಸಬೇಕು.

ಎಲ್ಲ ಮುಗಿದ ಮೇಲೆ ಗಮನಿಸಿದೆ: ಫೋಟೊದ ಹೆಂಗಸು ಎಡಗೈಯಿಂದ ಬಲತೋಳನ್ನು ಜಗ್ಗುತ್ತಿದ್ದಳು. ಉಲ್ಟಾ. ಒಂದೇ ಕ್ಲಿಕ್ಕಿನಲ್ಲಿ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ, ಗೆದ್ದೆ ಅಂದುಕೊಂಡು ಕಳಿಸಿದೆ. ಕರಡು ತಿದ್ದುವವರೊಬ್ಬರು ಅದನ್ನು ಹಿಡಿದರು. ಹೆಂಗಸರ ಅಂಗಿಗೆ ಸಾಮಾನ್ಯವಾಗಿ ಗುಂಡಿ ತೊಟ್ಟವರ ಎಡಗಡೆ, ಗಂಡಸರದ್ದಕ್ಕೆ ಬಲಗಡೆ. ತಿರುಗಿಸಿದ್ದರಿಂದ ಆಕೆ ಗಂಡಸಿನ ಅಂಗಿ ತೊಟ್ಟ ಹಾಗಾಗಿತ್ತು. ಆರು ಗುಂಡಿ, ಆರು ಕಾಜ, ಪಟ್ಟಿಯ ನೆರಳು ಎಲ್ಲವನ್ನೂ ಮತ್ತೆ ಬರೆಯಬೇಕು ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಲೇಖಕಿ ಫೋನ್ ಮಾಡಿದರು. "ಬಿಡಿ, ಹಾಗೇ ಇರಲಿ. ಅವಳ ಅಣ್ಣನ ಹಳೇ ಅಂಗಿ ಅಂತ ಎರಡನೇ ಅಧ್ಯಾಯದಲ್ಲಿ ಒಂದು ಸಾಲು ಸೇರಿಸ್ತೀನಿ." ಅಚ್ಚಿಗೆ ಹೋಗಿರದಿದ್ದರೆ ಚಿತ್ರ ತಿದ್ದುವುದಕ್ಕಿಂತ ವಾಕ್ಯ ತಿದ್ದುವುದು ಸುಲಭ ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಈಗ ಎಡಗಡೆಯ ಪಟ್ಟಿಯಲ್ಲಿರುವ ವಿಷಯಕ್ಕೆ ನಾನೇ ನಾಚಿಕೆ ಬಿಟ್ಟು ಕೇಳುತ್ತೇನೆ: ಮೇಡಂ, ನೀಲಿ ಕೋಟು ಸಿಗ್ತಿಲ್ಲ, ಬೂದು ಮಾಡಬಹುದಾ? ಬಲಗಡೆಯದ್ದಕ್ಕೆ ಕೇಳುವುದಿಲ್ಲ.

ಎಲ್ಲ ಸರಿಹೊಂದಿಸಿ ಸೋತದ್ದೂ ಇದೆ. ಒಂದು ಕಾದಂಬರಿಗೆ ಹಸ್ತಪ್ರತಿಯ ಒಂದು ಅಕ್ಷರವೂ ತಪ್ಪದ ಹಾಗೆ ಇಬ್ಬರನ್ನೂ ಕಟ್ಟಿ ನಿಲ್ಲಿಸಿದೆ. ಲೇಖಕರು ಕುಣಿದಾಡಿದರು. ಪ್ರಕಾಶಕರು ಮಾತ್ರ ತಣ್ಣಗೆ, "ಪಾಸ್‌ಪೋರ್ಟ್ ಫೋಟೊ ಥರ ಇದೆ. ಇದು ಲವ್ ಸ್ಟೋರಿ ಅಂತ ಯಾರಿಗೆ ಗೊತ್ತಾಗುತ್ತೆ?" ಅಂದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿಯಾಗಿತ್ತು. ಮುಖಪುಟಕ್ಕೆ ಅಂಗಡಿಯ ಬೋರ್ಡಿನ ಕೆಲಸವೂ ಇದೆ. ಇಬ್ಬರ ನಡುವಿನ ಅಂತರ, ಯಾರು ಯಾರ ಕಡೆ ವಾಲಿದ್ದಾರೆ, ಯಾರು ನೋಡುತ್ತಿದ್ದಾರೆ, ಯಾರು ನೋಟ ತಪ್ಪಿಸುತ್ತಿದ್ದಾರೆ ಎಂಬುದೂ ಕಥೆಯಲ್ಲೇ ಇರುವ ವಿವರ, ನಾನು ಅದನ್ನು ಪಟ್ಟಿಯಲ್ಲಿ ಬರೆದುಕೊಂಡೇ ಇರಲಿಲ್ಲ. ಆ ಕಥೆಯಲ್ಲಿ ಮುಂದೆ ಹೆಜ್ಜೆ ಇಡುವವಳು ಅವಳು, ನನ್ನ ಚಿತ್ರದಲ್ಲಿ ಇಬ್ಬರೂ ಸಾಲಾಗಿ ನಿಂತಿದ್ದರು.

ಹೇಳಿಕೊಳ್ಳಲು ಮುಜುಗರವಾಗುವ ಸಂಗತಿಯೂ ಒಂದಿದೆ. ಹೊಂದುವ ಮುಖ ಸಿಗದಾಗ ತಲೆ ಕತ್ತರಿಸಿಬಿಡುವುದು ಈ ಕಸುಬಿನ ಹಳೇ ಉಪಾಯ. ತುಟಿಯಿಂದ ಕೆಳಗೆ ಮಾತ್ರ ತೋರಿಸಿ, 'ಓದುಗರ ಕಲ್ಪನೆಗೆ ಬಿಟ್ಟಿದ್ದೇವೆ' ಅಂದರೆ ಆಯಿತು. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ. ಒಮ್ಮೆ ಕಪ್ಪು ಮೈಬಣ್ಣದ ನಾಯಕಿಯ ಕಾದಂಬರಿ ಬಂತು. ಸೂರ್ಯಾಸ್ತದ ಎದುರು ಬರೀ ನೆರಳಾಗಿ ನಿಲ್ಲಿಸಿದೆ, ನೋಡಲು ಚೆನ್ನಾಗಿಯೇ ಇತ್ತು. ಲೇಖಕಿ ಕೇಳಿದರು: "ಅವಳು ಬೆಳ್ಳಗಿದ್ದಿದ್ದರೆ ನೆರಳು ಮಾಡ್ತಿದ್ರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಣಯ ಕಾದಂಬರಿಯಲ್ಲದಿದ್ದರೂ, 2009ರಲ್ಲಿ ಜಸ್ಟೀನ್ ಲಾರ್ಬಲೆಸ್ಟಿಯರ್ ಅವರ 'ಲೈಯರ್' ಕಾದಂಬರಿಗೆ ಆದದ್ದು ಇದರ ಅಣ್ಣನಂಥದ್ದು. ನಿರೂಪಕಿ ಗಿಡ್ಡ ಕೂದಲಿನ ಕಪ್ಪು ಹುಡುಗಿ, ಅಮೆರಿಕದ ಆವೃತ್ತಿಗೆ ಮಾಡಿದ್ದ ಮುಖಪುಟದಲ್ಲಿ ಉದ್ದ ನೇರ ಕೂದಲಿನ ಬಿಳಿ ಹುಡುಗಿ. ಲೇಖಕಿ ಬಹಿರಂಗವಾಗಿಯೇ ಆಕ್ಷೇಪ ಎತ್ತಿದರು, ಪುಸ್ತಕ ಹೊರಬರುವ ಮುಂಚೆ ಮುಖಪುಟ ಬದಲಾಯಿತು. ನಾನು ಬಿಳಿ ಹುಡುಗಿಯನ್ನು ಹಾಕಿರಲಿಲ್ಲ, ಇದ್ದವಳ ಮುಖ ಅಳಿಸಿದ್ದೆ.

ನೆರಳು ತೆಗೆದು ಮುಖ ತಂದ ಮೇಲೂ ಕೆಲಸ ಮುಗಿಯಲಿಲ್ಲ. ಪ್ರಣಯ ಎಂದರೆ ಬಂಗಾರದ ಬೆಳಕು ಎಂದು ಚಿತ್ರದ ಮೇಲೆಲ್ಲ ಹಳದಿ ಲೇಯರ್ (ಬಣ್ಣದ ತೆಳು ಪದರ) ಹಾಕುವ ಚಾಳಿ ನಮ್ಮದು. ಅದನ್ನು ಹಾಕಿದ ಕ್ಷಣ ಅವಳು ಎರಡು ಮೂರು ಛಾಯೆ ಬೆಳ್ಳಗಾಗುತ್ತಿದ್ದಳು. ಹಾಗಾಗಿ ಮುಖ, ಕೈಗಳಿಗೆ ಮಾಸ್ಕ್ ಮಾಡಿ, ಅಂದರೆ ಬಣ್ಣ ತಾಗದಂತೆ ಮರೆಮಾಡಿ, ಆ ಲೇಯರನ್ನು ಹಿನ್ನೆಲೆಗಷ್ಟೇ ಬಿಟ್ಟೆ. ಮುದ್ರಣದಲ್ಲಿ ಅದರ ತದ್ವಿರುದ್ಧ. ಮಾನಿಟರಿನಲ್ಲಿ ಕೆನ್ನೆಯ ಮೇಲಿದ್ದ ಹೊಳಪು ಕಾಗದಕ್ಕೆ ಇಳಿಯುವಾಗ ನಾಲ್ಕು ಶಾಯಿಗಳೂ ಒಂದರ ಮೇಲೊಂದು ಕೂತು, ಹರಡಿ, ಮುಖ ಮಣ್ಣುಮುದ್ದೆಯಾಯಿತು. ಮೊದಲೇ ಪ್ರೂಫ್, ಅಂದರೆ ಮುದ್ರಣದ ಮಾದರಿ ಪ್ರತಿ, ತರಿಸಿಕೊಂಡದ್ದರಿಂದ ಬಚಾವಾದೆ. ಶಾಯಿಯ ಒಟ್ಟು ಪ್ರಮಾಣ ತಗ್ಗಿಸಿ, ಹಣೆ ಮತ್ತು ಕೆನ್ನೆಯ ನಡುಛಾಯೆಗಳನ್ನು ಸ್ವಲ್ಪ ತಿಳಿಗೊಳಿಸಿ, ಎರಡನೇ ಪ್ರೂಫಿನಲ್ಲಿ ಅವಳು ಅವಳಾದಳು.

ಈಗ ಮೇಜಿನ ಮೇಲಿರುವ ಕಾದಂಬರಿಯ ನಾಯಕ ವೀಲ್‌ಚೇರಿನಲ್ಲಿರುವವನು. ಸ್ಟಾಕ್ ಫೋಟೊಗಳಲ್ಲಿರುವುದು ಬಹುಪಾಲು ಆಸ್ಪತ್ರೆಯ ಕುರ್ಚಿ: ಅಗಲ, ಎತ್ತರದ ಬೆನ್ನು, ಹಿಂದೆ ತಳ್ಳಲು ಎರಡು ಹಿಡಿ. ಅದರಲ್ಲಿ ಕೂರಿಸಿದರೆ ಯಾರೇ ಆದರೂ ರೋಗಿಯಾಗಿಬಿಡುತ್ತಾರೆ. ಈ ನಾಯಕ ದಿನವಿಡೀ ತಾನೇ ಚಕ್ರ ತಿರುಗಿಸಿಕೊಂಡು ಓಡಾಡುವವನು. ಅಂಥವರ ಕುರ್ಚಿಯೇ ಬೇರೆ: ಹಗುರ, ಗಿಡ್ಡ ಬೆನ್ನು, ಕೆಳಗೆ ಹೋಗುತ್ತ ಹೊರಕ್ಕೆ ವಾಲಿದ ಚಕ್ರಗಳು. ಆ ಕುರ್ಚಿಯಲ್ಲಿ ಕೂತ ಪ್ರೇಮಿ ಎಲ್ಲೂ ಸಿಗದೆ, ಕೊನೆಗೆ ವೀಲ್‌ಚೇರ್ ಬಳಸುವವರೇ ಆದ ಒಬ್ಬರನ್ನು ಒಪ್ಪಿಸಿ ಫೋಟೊ ತೆಗೆಸಲು ಹೊರಟಿದ್ದೇವೆ. ನಿನ್ನೆ ಫೋಟೊಗ್ರಾಫರ್ ಫೋನ್ ಮಾಡಿ, ನಾಯಕಿ ಕುರ್ಚಿಯ ಹಿಂದೆ ನಿಂತು ಹಿಡಿ ಹಿಡ್ಕೊಂಡಿರಲಾ ಎಂದು ಕೇಳಿದರು. ಹಸ್ತಪ್ರತಿ ತೆಗೆದು ನೋಡಿದೆ. 112ನೇ ಪುಟದಲ್ಲಿ ಅವನು ಆ ಎರಡೂ ಹಿಡಿಗಳನ್ನು ಬಿಚ್ಚಿಸಿ ಎಸೆದಿದ್ದಾನೆ. ಬಲಗಡೆಯ ಪಟ್ಟಿಗೆ ಬರೆದುಕೊಂಡು, ಅವಳು ಎದುರಿಗೆ ಕೂರಲಿ ಎಂದೆ.