ಘಾಟಿಯಲ್ಲಿ ಮಾತ್ರ ಬಿಸಿಯಾಗುತ್ತಿದ್ದ ಪಿಕಪ್

ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್. ಊರೊಳಗೆ ತೊಂದರೆ ಇಲ್ಲ, ಲೋಡ್ ಹಾಕಿ ಶಿರಾಡಿ ಘಾಟಿ ಹತ್ತಿದರೆ ಟೆಂಪರೇಚರ್ ಮುಳ್ಳು ಕೆಂಪಿಗೆ! ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿದೆ, ಇಂಜಿನ್ ಬಿಚ್ಚಬೇಕು ಎಂದರು ಒಬ್ಬ ಮೆಕ್ಯಾನಿಕ್. ನನಗೇಕೋ ನಂಬಿಕೆ ಬರಲಿಲ್ಲ. ಗ್ಯಾಸ್ಕೆಟ್ ಹೋದ ಲಕ್ಷಣ ಕಾಣಲಿಲ್ಲ: ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಆಗಿರಲಿಲ್ಲ, ಬಿಳಿ ಹೊಗೆ ಇಲ್ಲ, ತಣ್ಣಗಿದ್ದಾಗ ರೇಡಿಯೇಟರ್ (ಇಂಜಿನ್ ನೀರು ತಣಿಸುವ ಭಾಗ) ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ಒಳಗೆ ಗುಳ್ಳೆಯೂ ಏಳುತ್ತಿರಲಿಲ್ಲ.

ನಿಂತಾಗ ಬಿಸಿಯಾದರೆ ಫ್ಯಾನ್ ಮೇಲೆ ಅನುಮಾನ. ಭಾರ ಎಳೆಯುವಾಗ ಜಾಸ್ತಿ ಬಿಸಿಯಾದರೆ ಮೊದಲು ರೇಡಿಯೇಟರ್ ನೋಡಬೇಕು, ಅಲ್ವಾ? ಓಡಿಸಿ ಬಂದು ಇಂಜಿನ್ ಆಫ್ ಮಾಡಿ, ಫ್ಯಾನ್ ಪೂರ್ತಿ ನಿಂತ ಮೇಲೆ ಕೈಯಿಟ್ಟು ನೋಡಿದೆ. ಮೇಲೆಲ್ಲ ಸುಡುತ್ತಿತ್ತು, ಕೆಳಗಿನ ಒಂದು ಮೂಲೆ ಮಾತ್ರ ತಣ್ಣಗೆ. ಒಳಗೆ ಕಟ್ಟಿಕೊಂಡಿದೆ! ಹಳೇ ಮಾಲೀಕರು ಕೂಲೆಂಟ್ ಬದಲು ಸುಮ್ನೆ ಬೋರ್ ನೀರು ಸುರಿದಿರಬೇಕು. ಬಿಚ್ಚಿಸಿ ಒಳಗಿನ ಗಸಿ ತೆಗೆಸಿದೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ತುಂಬಿದೆ. ಈಗ ಘಾಟಿಯಲ್ಲೂ ಮುಳ್ಳು ಅರ್ಧ ದಾಟುವುದಿಲ್ಲ.