ಪಿಪಿಟಿ ತೆರೆಯೋಕೆ ದುಡ್ಡು ಕೊಡಬೇಕಿಲ್ಲ

ವಿಜಯನಗರದಲ್ಲಿ ನಮ್ಮ ಪಕ್ಕದ ಮನೆ ಮೇಷ್ಟ್ರಿಗೆ ಮಳೆನೀರು ಕೊಯ್ಲಿನ ಬಗ್ಗೆ ಒಂದು ಪಿಪಿಟಿ, ಅಂದರೆ ಪವರ್‌ಪಾಯಿಂಟ್ ಸ್ಲೈಡುಗಳ ಫೈಲ್, ಮೇಲ್‌ನಲ್ಲಿ ಬಂದಿತ್ತು. ಲ್ಯಾಪ್‌ಟಾಪಿನಲ್ಲಿ ತೆರೆಯಲಿಲ್ಲ. ಅಂಗಡಿಗೆ ಒಯ್ದರೆ ಸಾವಿರಾರು ರೂಪಾಯಿಯ ಸಾಫ್ಟ್‌ವೇರ್ ಹಾಕಿಸಿ ಅಂದರಂತೆ. ಪಿಂಚಣಿ ದುಡ್ಡು ಅದಕ್ಕೆ ಹೋಗಬಾರದು. ಪಕ್ಕದಲ್ಲೇ ಕೂತು ತೆರೆದುಕೊಟ್ಟೆ.

ಮೊದಲು ಕಳಿಸಿದವರು ಯಾರೆಂದು ನೋಡಿ. ಆಮೇಲೆ ಫೈಲ್ ಹೆಸರಿನ ಬಾಲ, ಅಂದರೆ ಕೊನೆಯ ಚುಕ್ಕೆಯ ನಂತರದ ಅಕ್ಷರಗಳನ್ನು ನೋಡಿ. ಪಿಪಿಟಿ ಹಳೆಯದು, ಪಿಪಿಟಿಎಕ್ಸ್ 2007ರ ಮೈಕ್ರೋಸಾಫ್ಟ್ ಆಫೀಸ್‌ನಿಂದ ಬಂದದ್ದು. ಪಿಪಿಟಿಎಂ ಎಂದಿದ್ದರೆ ಒಳಗೆ ಮ್ಯಾಕ್ರೋ, ಅಂದರೆ ಫೈಲಿನೊಳಗೇ ಅಡಗಿರುವ ಸಣ್ಣ ಪ್ರೋಗ್ರಾಂ, ಇರಬಹುದು; ಗುರುತಿಲ್ಲದವರು ಕಳಿಸಿದ್ದರೆ ಮುಟ್ಟಲೇಬೇಡಿ.

ಜಿಮೇಲ್ ಇದ್ದರೆ ಅಟ್ಯಾಚ್‌ಮೆಂಟ್ ಮೇಲೆ ಒಂದು ಸಲ ಒತ್ತಿ, ಸ್ಲೈಡುಗಳು ಅಲ್ಲೇ ಕಾಣುತ್ತವೆ. ಓದುವುದಷ್ಟೇ ಆದರೆ ಇಲ್ಲಿಗೇ ಮುಗಿಯಿತು. ತಿದ್ದಬೇಕಿದ್ದರೆ ಮೇಲ್ಗಡೆಯಿಂದ ಗೂಗಲ್ ಸ್ಲೈಡ್ಸ್ ಆರಿಸಿ.

ನೆಟ್ ಇಲ್ಲದಾಗಲೂ ಬೇಕು ಅನ್ನುವವರಿಗೆ ನಾನು ಹೇಳುವುದು ಲಿಬ್ರೆಆಫೀಸ್. ಪೂರ್ತಿ ಉಚಿತ. ಅವರದೇ ಅಧಿಕೃತ ತಾಣದಿಂದ ಇಳಿಸಿಕೊಂಡು ಇನ್‌ಸ್ಟಾಲ್ ಮಾಡಿ. ಫೈಲನ್ನು ಡೌನ್‌ಲೋಡ್ ಮಾಡಿ, ಅದರ ಮೇಲೆ ಬಲಗುಂಡಿ ಒತ್ತಿ, ‘ಓಪನ್ ವಿತ್’ನಲ್ಲಿ ಇಂಪ್ರೆಸ್ (ಲಿಬ್ರೆಆಫೀಸ್‌ನಲ್ಲಿ ಸ್ಲೈಡುಗಳಿಗೆ ಇರುವ ಭಾಗ) ಆರಿಸಿ. ತಿದ್ದಿ ವಾಪಸ್ ಕಳಿಸುವುದಾದರೆ ಉಳಿಸುವಾಗ ಪಿಪಿಟಿಎಕ್ಸ್ ರೂಪವನ್ನೇ ಇಟ್ಟುಕೊಳ್ಳಿ. ಮೈಕ್ರೋಸಾಫ್ಟ್‌ನ ಹಳೆಯ ಉಚಿತ ಪವರ್‌ಪಾಯಿಂಟ್ ವ್ಯೂವರ್ ಹುಡುಕಲು ಹೋಗಬೇಡಿ. ಅದನ್ನು 2018ರಲ್ಲೇ ನಿಲ್ಲಿಸಿದ್ದಾರೆ, ಈಗ ಎಲ್ಲೆಲ್ಲೋ ಸಿಗುವುದನ್ನು ನಂಬುವಂತಿಲ್ಲ.

ನಮಗೆ ನಿಜವಾದ ತಲೆನೋವು ಬಂದದ್ದು ಇದಾದ ಮೇಲೆ. ಫೈಲ್ ತೆರೆಯಿತು, ಆದರೆ ಕನ್ನಡ ಇರಬೇಕಾದ ಕಡೆ ತಲೆ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು! ಫೈಲ್ ಕೆಟ್ಟಿದೆ ಅಂತ ಮೇಷ್ಟ್ರು ಅಳಿಸಲು ಹೊರಟಿದ್ದರು. ಕೆಟ್ಟಿರಲಿಲ್ಲ. ಅದನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ, ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆಬೇರೆ ಸಂಕೇತ ಕೊಡುವ ಪದ್ಧತಿ) ಅಲ್ಲದ ಫಾಂಟಿನಲ್ಲಿ ಬರೆದಿದ್ದರು. ಅಂಥ ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದಕ್ಕೆ ಕನ್ನಡದ ಆಕಾರ ಕೊಡುವುದು ಫಾಂಟು. ‘ಬರಹ’ ಎಂಬ ಇನ್ನೊಂದು ಸಾಫ್ಟ್‌ವೇರಿನ ಹಳೆಯ ಫಾಂಟುಗಳ ಕಥೆಯೂ ಇದೇ.

ಇಂಪ್ರೆಸ್‌ನಲ್ಲಿ ಆ ಅಕ್ಷರಗಳ ಮೇಲೆ ಕರ್ಸರ್ ಇಟ್ಟರೆ ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ಕಾಣುತ್ತದೆ. ಆ ಫಾಂಟ್ ಫೈಲನ್ನು ತಂದು, ಬಲಗುಂಡಿ ಒತ್ತಿ ‘ಇನ್‌ಸ್ಟಾಲ್’ ಕೊಟ್ಟು, ಇಂಪ್ರೆಸ್ ಮುಚ್ಚಿ ಮತ್ತೆ ತೆರೆಯಿರಿ. ಫೋನಿನಲ್ಲಿ, ಗೂಗಲ್ ಸ್ಲೈಡ್ಸ್‌ನಲ್ಲಿ ಈ ದಾರಿ ಇಲ್ಲ. ಅಂಥವರು ಕಳಿಸಿದವರಿಗೇ ಫೋನ್ ಮಾಡಿ ಪಿಡಿಎಫ್ ಕೇಳಿ, ಅದರೊಳಗೆ ಸಾಮಾನ್ಯವಾಗಿ ಫಾಂಟೂ ಸೇರಿಕೊಂಡು ಬರುತ್ತದೆ. ಕನ್ನಡದಲ್ಲಿ ಪಿಪಿಟಿ ಮಾಡುವವರಲ್ಲಿ ನನ್ನದೊಂದು ಕೋರಿಕೆ: ದಯವಿಟ್ಟು ಯೂನಿಕೋಡ್‌ನಲ್ಲೇ ಬರೆಯಿರಿ.

ಫಾಂಟ್ ಹಾಕಿ ಮತ್ತೆ ತೆರೆದಾಗ ಮೊದಲ ಸ್ಲೈಡಿನಲ್ಲಿ ‘ಚಾವಣಿಯ ನೀರು ಸಂಪ್‌ಗೆ’ ಅಂತ ದಪ್ಪಕ್ಷರದಲ್ಲಿ ಬಂತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಜೋರಾಗಿ ಓದತೊಡಗಿದರು.